ಶಿವಗಂಗೆಯ ಬಂಡೆಯೋ, ಹೊಯ್ಸಳರ ಸಿಂಹಾಸನವೋ?

ಈಚೆಗೆ ಕೋಲಾರದ ಚಿನ್ನದ ಗಣಿಯ ನಂದಿದುರ್ಗ ಭಾಗದ ಒಂದು ಪಾಠಶಾಲೆಯ ವಾರ್ಷಿಕೋತ್ಸವಕ್ಕೆ ನಮಗೆ ಆಮಂತ್ರಣ ಬಂದಿತ್ತು. ಬಂಗಾರಪೇಟೆಯಲ್ಲಿ ಮಾರಿಕುಪ್ಪದ ಗಾಡಿಯನ್ನು ಹಿಡಿದು, ಉರಿಗಾಂ ನಿಲ್ದಾಣದಲ್ಲಿಳಿದು, ಗಣಿಯ ಬೂದುಬಣ್ಣದ ಮಣ್ಣುದಿಬ್ಬಗಳ ಪಕ್ಕದಲ್ಲಿ ನಡೆದು ನಾವು ಆ ಶಾಲೆಯನ್ನು ಸೇರುವ ಹೊತ್ತಿಗೆ ನಾಟಕವು ಆರಂಭವಾಗಿತ್ತು. ನಾಟಕದ ಹೆಸರು ‘ಶಾಂತಲಾ’. ಮೊದಲನೆಯ ಅಂಕದಲ್ಲಿ ರಾಣಿಯ ನರ್ತನ. ಎರಡನೆಯದರಲ್ಲಿ ಆಕೆಗೆ ಗಂಡು ಮಗುವಿಲ್ಲವೆಂಬ ಶೋಕ. ಮೂರನೆಯದರಲ್ಲಿ, ಕರಿಯ ಕಂಬಳಿ ಹೊದಿಸಿದ ಬೆಂಚುಗಳ ರಾಶಿಯೇ ಶಿವಗಂಗೆಯ ಬೆಟ್ಟವಾಗಿ, ಅದರ ಮೇಲಿಂದ ರಾಣಿಯು ಪತಿಯ ಮರುಮದುವೆಗೆ ದಾರಿ ಬಿಡಲೆಂದು ಧುಮುಕಿದಳು. ಸಭೆಯಲ್ಲಿ ಕರತಾಡನವಾಯಿತು. ಹೆಂಗಸರಲ್ಲಿ ಕೆಲವರು ಸೆರಗಿನಿಂದ ಕಣ್ಣೊರಸಿಕೊಂಡರು. ಸುಳ್ಳು ಹೇಳಲಾರೆವು, ನಮ್ಮ ಕಣ್ಣೂ ಒದ್ದೆಯಾಗಿತ್ತು.

ನಾಟಕ ಮುಗಿದ ಮೇಲೆ ಉಪಾಧ್ಯಾಯರ ಕೊಠಡಿಯಲ್ಲಿ ಕಾಫಿ ಕುಡಿಯುತ್ತ ಕುಳಿತಿರುವಾಗ, ಬಣ್ಣವನ್ನಿನ್ನೂ ತೊಳೆಯದ ಆ ಪುಟ್ಟ ರಾಣಿಯು ಬಾಗಿಲಲ್ಲಿ ನಿಂತು ತನ್ನ ಉಪಾಧ್ಯಾಯರನ್ನು ಕೇಳಿದಳು: “ಮೇಷ್ಟ್ರೇ, ಹಾರುವುದಕ್ಕೆ ಮುಂಚೆ ರಾಣಿ ಏನು ಕೆಲಸ ಮಾಡುತ್ತಿದ್ದಳು?”

ಉಪಾಧ್ಯಾಯರು ನಮ್ಮ ಮುಖ ನೋಡಿದರು. ನಾವು ಅವರ ಮುಖ ನೋಡಿದೆವು. “ಡಾನ್ಸ್ ಮಾಡುತ್ತಿದ್ದಳಮ್ಮ” ಎಂದು ಯಾರೋ ಹೇಳಿ ನಕ್ಕರು. ಹುಡುಗಿಗೆ ಅದರಿಂದ ಸಮಾಧಾನವಾದಂತೆ ತೋರಲಿಲ್ಲ. ನಮಗೂ ಆಗಲಿಲ್ಲ. ಈ ಲೇಖನವು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ವಾಚಕಮಹಾಶಯರು ಭಾವಿಸಬೇಕು.

ಶಾಂತಲೆಯ ಮಾತನ್ನು ಬೇಲೂರು ಹಳೇಬೀಡುಗಳ ಕಡೆಯವರು ಆಡಲಿ, ಚಿನ್ನದ ಗಣಿಯವರಿಗೆ ಅದೇಕೆ ಎಂದು ಕೆಲವರು ಕೇಳಬಹುದು. ನಂದಿದುರ್ಗವೆಂಬ ಹೆಸರನ್ನೇ ನೋಡಿರಿ. ಗಣಿಗೆ ಆ ಹೆಸರು ಬಂದುದು 2007ರಿಂದೀಚೆಗೆ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಬೆಟ್ಟದಿಂದ. ಹಿಂದಿನ ಮೈಸೂರು ಆಡಳಿತದಲ್ಲಿ ಬೆಂಗಳೂರು, ಕೋಲಾರ, ತುಮಕೂರು ಸೀಮೆಗಳಿಗೆಲ್ಲ ಕೂಡಿ ನಂದಿದುರ್ಗದ ವಿಭಾಗವೆಂದೇ ಹೆಸರಿತ್ತು. ಶಾಂತಲೆಯು ದೇಹವಿಟ್ಟ ಶಿವಗಂಗೆಯು ಆ ವಿಭಾಗದೊಳಗಿನ ಬೆಟ್ಟವೇ. ತಲಕಾಡಿನ ಗಂಗರು ಎಲ್ಲಿ ಆಳಿದರೂ ತಮ್ಮನ್ನು ಕುವಲಾಲಪುರದ ಒಡೆಯರೆಂದೂ ನಂದಗಿರಿಯ ನಾಥರೆಂದೂ ಕರೆದುಕೊಂಡರು. ಕುವಲಾಲವೇ ಇಂದಿನ ಕೋಲಾರ, ನಂದಗಿರಿಯೇ ನಂದಿಬೆಟ್ಟ. ಆ ಗಂಗರ ನಾಡನ್ನು ಚೋಳರು ಕಸಿದುಕೊಂಡು ನೂರು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡಿದ್ದರು. 1116ರ ಸುಮಾರಿನಲ್ಲಿ ಗಂಗರಾಜ ದಂಡನಾಯಕನು ತಲಕಾಡನ್ನು ಗೆದ್ದು ವಿಷ್ಣುವರ್ಧನನಿಗೆ ಒಪ್ಪಿಸಿದಾಗ, ಈ ಮೂಡಣ ಸೀಮೆಯೂ ಹೊಯ್ಸಳರದಾಯಿತು. ವಿಷ್ಣುವರ್ಧನನ ಶಾಸನಗಳು ರಾಜ್ಯದ ಎಲ್ಲೆಗಳನ್ನು ಹೇಳುವಾಗ ಮೂಡಣ ದಿಕ್ಕಿಗೆ ನಂಗಲಿಯ ಘಟ್ಟವನ್ನು ಹೆಸರಿಸುತ್ತವೆ. ಆ ನಂಗಲಿಯು ನಮ್ಮ ಮುಳಬಾಗಿಲು ತಾಲ್ಲೂಕಿನಲ್ಲಿ, ತಿರುಪತಿಗೆ ಹೋಗುವ ದಾರಿಯಲ್ಲಿದೆ. ಇಂದಿಗೂ ನಾಡಿನ ಗಡಿ ಅಲ್ಲಿಯೇ. ಅಂದರೆ ಶಾಂತಲೆಯು ಯಾವ ಸಿಂಹಾಸನದ ಪಕ್ಕದಲ್ಲಿ ಕುಳಿತಳೋ ಆ ಸಿಂಹಾಸನದ ಹೆಬ್ಬಾಗಿಲು ನಮ್ಮ ಮನೆಯ ಮುಂದೆ ಇದ್ದಿತು. ನಮ್ಮ ಮಕ್ಕಳು ಆಕೆಯನ್ನು ಬೆಟ್ಟದಿಂದ ಬೀಳಿಸುವುದನ್ನು ಮಾತ್ರ ಕಲಿತಿದ್ದಾರೆ.

ಇನ್ನು ಶಿಲೆಗಳು ಹೇಳುವುದನ್ನು ಕೇಳೋಣ. ಆಕೆಯ ತಂದೆ ಪೆರ್ಗಡೆ ಮಾರಸಿಂಗಯ್ಯನು ಶೈವ. ತಾಯಿ ಮಾಚಿಕಬ್ಬೆಯು ಜೈನೆ. ಮಗಳು ತಾಯಿಯ ಮತವನ್ನು ಹಿಡಿದು ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಯಾದಳು. ಕೈಹಿಡಿದ ಅರಸನು ಶ್ರೀರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದನೆಂದು ಐತಿಹ್ಯ. ಒಂದೇ ಮನೆಯ ಜಗಲಿಯಲ್ಲಿ ಮೂರು ಮತಗಳು! ನಮ್ಮ ಕಾಲದಲ್ಲಿ ಇಂತಹ ಮನೆಯಲ್ಲಿ ಹಬ್ಬದ ಅಡಿಗೆ ಯಾವುದಾಗಬೇಕೆಂಬುದಕ್ಕೇ ಜಗಳವಾದೀತು. ಆ ರಾಣಿಯಾದರೋ 1117ರಲ್ಲಿ, ಅರಸನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದಾಗ, ಅದೇ ಪ್ರಾಕಾರದೊಳಗೆ ತನ್ನದಾಗಿ ಚೆನ್ನಿಗರಾಯನನ್ನು ಪ್ರತಿಷ್ಠಿಸಿದಳು. ಇಂದು ಜನರು ಕಪ್ಪೆ ಚೆನ್ನಿಗರಾಯನ ಗುಡಿಯೆಂದು ಕರೆಯುವುದು ಅದನ್ನೇ. ಜಿನಭಕ್ತೆಯಾದ ಹೆಂಗಸು ವಿಷ್ಣುವಿಗೆ ಗುಡಿ ಕಟ್ಟಿಸಿದಳು. ಕಟ್ಟಿಸಿದ ಮೇಲೂ ಜಿನಭಕ್ತೆಯಾಗಿಯೇ ಉಳಿದಳು.

ಆರು ವರ್ಷಗಳಾದ ಮೇಲೆ, ಶಕ 1045ರಲ್ಲಿ, ಅಂದರೆ 1123ರಲ್ಲಿ, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಆಕೆ ಶಾಂತಿನಾಥಸ್ವಾಮಿಗೆ ಬಸದಿಯನ್ನು ಮಾಡಿಸಿದಳು. ಅದಕ್ಕೆ ಸವತಿಗಂಧವಾರಣ ಬಸದಿಯೆಂದು ಹೆಸರು. ಕಲ್ಕಣಿನಾಡಿನ ಮೊಟ್ಟೆನವಿಲೆ ಎಂಬ ಊರನ್ನು ಅದರ ಪೂಜೆಗೂ ಋಷಿಗಳ ಆಹಾರದಾನಕ್ಕೂ ಬಿಟ್ಟುಕೊಟ್ಟು, ದತ್ತಿಯನ್ನು ತನ್ನ ಗುರುಗಳ ಕೈಗೆ ಒಪ್ಪಿಸಿದಳು. ಇಲ್ಲಿ ನಾವು ಸ್ವಲ್ಪ ನಿಂತು ನೋಡಬೇಕು. ಊರನ್ನು ಬಿಡುವುದೆಂದರೆ ಹೂವಿನ ಹಾರವನ್ನು ಕೊಟ್ಟಂತಲ್ಲ. ಊರಿನ ಎಲ್ಲೆಗಳು ನಿಶ್ಚಯವಾಗಬೇಕು. ಅದರ ಹುಟ್ಟುವಳಿ ಇನ್ನು ಮುಂದೆ ಅರಮನೆಯ ಬೊಕ್ಕಸಕ್ಕೆ ಬಾರದೆ ಬಸದಿಗೆ ಸಲ್ಲತಕ್ಕದ್ದೆಂದು ಕರಣಿಕರ ಕಡತದಲ್ಲಿ ಏರಬೇಕು. ಮುಂದೆ ಬರುವ ಅರಸರೂ ಅಧಿಕಾರಿಗಳೂ ಅದನ್ನು ಅಳಿಯದಂತೆ ಕಲ್ಲಿನಲ್ಲಿ ಕಡೆಯಿಸಬೇಕು. ಗೆಜ್ಜೆ ಕಟ್ಟಿದ ಕಾಲಿನಿಂದ ಆಗುವ ಕೆಲಸವಲ್ಲ ಇದು. ಇದಕ್ಕೆ ಬೇಕಾದುದು ನೆಲದ ತಿಳಿವಳಿಕೆ, ಲೆಕ್ಕದ ತಿಳಿವಳಿಕೆ, ಮತ್ತು ಹೇಳಿದ ಮಾತು ನಡೆಯುವಷ್ಟು ಅಧಿಕಾರ.

ಬೆಳಗೊಳದ ಶಾಸನಗಳಲ್ಲಿ ಆಕೆಗೆ ಕೊಟ್ಟಿರುವ ಬಿರುದುಗಳನ್ನು ಓದಿದರೆ ಇನ್ನೂ ಕೆಲವು ಸಂಗತಿಗಳು ತಿಳಿಯಬರುತ್ತವೆ. ಗೀತವಾದ್ಯಗಳಲ್ಲಿ ಸೂತ್ರಧಾರೆಯೆಂದು ಹೇಳಿರುವುದು ನಿಜ. ಸಂಗೀತ ನೃತ್ಯಗಳಲ್ಲಿ ಆಕೆಗೆ ಸಮಾನರಿರಲಿಲ್ಲವೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಆದರೆ ಅದರ ಪಕ್ಕದಲ್ಲಿಯೇ ‘ವಿವೇಕೈಕ ಬೃಹಸ್ಪತಿ’ ಎಂದೂ ‘ಪ್ರತ್ಯುತ್ಪನ್ನ ವಾಚಸ್ಪತಿ’ ಎಂದೂ ಇವೆ. ಬೃಹಸ್ಪತಿಯು ದೇವತೆಗಳ ಮಂತ್ರಾಲೋಚನೆಯ ಗುರು. ಪ್ರತ್ಯುತ್ಪನ್ನವಾದ ಮಾತೆಂದರೆ, ಎದುರಿಗೆ ಪ್ರಶ್ನೆ ಬಂದೊಡನೆ ಅಲ್ಲಿಯೇ ಹುಟ್ಟುವ ಉತ್ತರ. ಇಂತಹ ಬಿರುದು ಸಲ್ಲುವುದು ರಂಗಮಂಟಪದಲ್ಲಿ ಅಲ್ಲ, ಆಸ್ಥಾನಮಂಟಪದಲ್ಲಿ. ‘ಚತುಸ್ಸಮಯ ಸಮುದ್ಧರಣೆ’ ಎಂಬುದು ಇನ್ನೊಂದು: ನಾಲ್ಕು ಸಮಯಗಳನ್ನು, ಅಂದರೆ ನಾಲ್ಕು ಮತಗಳನ್ನು, ಎತ್ತಿ ಹಿಡಿದವಳು. ಬೇಲೂರಿನ ಚೆನ್ನಿಗರಾಯನನ್ನೂ ಬೆಳಗೊಳದ ಶಾಂತಿನಾಥನನ್ನೂ ನೋಡಿಬಂದವರು ಇದು ಬರಿಯ ಹೊಗಳಿಕೆಯೆಂದು ಹೇಳಲಾರರು.

ವಿಷ್ಣುವರ್ಧನನು ಮತಾಂತರವಾದ ಮೇಲೆ ಜೈನರನ್ನು ಹಿಂಸಿಸಿದನೆಂಬ ಕಥೆಯೊಂದು ಪುಸ್ತಕದಿಂದ ಪುಸ್ತಕಕ್ಕೆ ಹರಿದುಬಂದಿದೆ. 1123ರಲ್ಲಿ ಅವನ ಪಟ್ಟದ ರಾಣಿಯೇ ಬಸದಿ ಕಟ್ಟಿಸುತ್ತಾಳೆ. 1133ರಲ್ಲಿ ಗಂಗರಾಜನ ಮಗ ಬೊಪ್ಪನು ರಾಜಧಾನಿಯಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿ ಪ್ರಸಾದವನ್ನು ಬಂಕಾಪುರದಲ್ಲಿದ್ದ ಅರಸನಿಗೆ ಕಳುಹಿದಾಗ, ಅದೇ ಸಮಯಕ್ಕೆ ಯುದ್ಧದಲ್ಲಿ ಜಯವನ್ನೂ ಗಂಡು ಮಗುವನ್ನೂ ಪಡೆದಿದ್ದ ಅರಸನು ಸಂತೋಷಪಟ್ಟು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಡುತ್ತಾನೆ. ಹಿಂಸಕನ ನಡವಳಿಕೆ ಹೀಗಿರುವುದಿಲ್ಲವಷ್ಟೆ? ಗಂಡನ ಮತ ಬೇರೆಯಾದ ಮೇಲೂ ಆ ರಾಜ್ಯದಲ್ಲಿ ಮತಗಳ ನಡುವಿನ ಸೌಹಾರ್ದವು ಕೆಡದೆ ಉಳಿದುದಕ್ಕೆ, ಸಿಂಹಾಸನದ ಇನ್ನರ್ಧದಲ್ಲಿ ಕುಳಿತಿದ್ದವಳು ಮುಖ್ಯ ಕಾರಣಗಳಲ್ಲೊಬ್ಬಳೆಂದು ನಮ್ಮ ಅಭಿಪ್ರಾಯ.

ಸಿಂಹಾಸನದ ಅರ್ಧವೆಂಬ ಮಾತು ಕವಿಗಳ ಅತಿಶಯೋಕ್ತಿಯಲ್ಲವೆ ಎಂದು ಕೇಳುವವರಿದ್ದಾರೆ. ಅರಸನಿಗೆ ಹಲವರು ಹೆಂಡಿರಿದ್ದರು, ಅವರಲ್ಲಿ ಈಕೆಯೊಬ್ಬಳು. ಊರನ್ನು ಬಸದಿಗೆ ಬಿಡುವಾಗಲೂ ಈಕೆ ಅರಸನ ಅನುಮತಿಯನ್ನು ಪಡೆಯಬೇಕಾಯಿತು. ಇದರಲ್ಲಿ ಪಾಲು ಎಲ್ಲಿ ಬಂದಿತು? ನಮ್ಮ ಸ್ನೇಹಿತರೊಬ್ಬರು, ವಕೀಲರು, ಹೀಗೆ ನಮ್ಮನ್ನು ಗಟ್ಟಿಯಾಗಿ ಹಿಡಿದರು. ಅವರ ಮಾತಿನಲ್ಲಿ ತಥ್ಯವಿಲ್ಲವೆಂದು ನಾವು ಹೇಳುವುದಿಲ್ಲ. ‘ಉದ್ವೃತ್ತ ಸವತಿ ಗಂಧವಾರಣೆ’ ಎಂಬ ಬಿರುದನ್ನೇ ನೋಡಿರಿ: ಸೊಕ್ಕಿದ ಸವತಿಯರೆಂಬವರಿಗೆ ಮದ್ದಾನೆ! ಬಸದಿಗೇ ಆ ಹೆಸರು ಬಿದ್ದಿದೆ. ಇದನ್ನು ಕೇಳಿ ಕೆಲವರು ಹೆಮ್ಮೆ ಪಡುತ್ತಾರೆ. ನಮಗಾದರೋ ಒಂದು ಬಗೆಯ ಸಂಕಟವೇ ಆಗುತ್ತದೆ. ಅಷ್ಟು ವಿವೇಕವುಳ್ಳ ಹೆಂಗಸೂ ತನ್ನ ಮನೆಯಲ್ಲಿ ತನ್ನ ಸ್ಥಾನವನ್ನು ಉಳಿಸಿಕೊಳ್ಳಲು ಆನೆಯಂತೆ ಕಾದಾಡಬೇಕಾಗಿತ್ತೆಂಬುದನ್ನು ಆ ಬಿರುದು ಮರೆಮಾಚದೆ ಹೇಳುತ್ತದೆ. ಹಳೆಯ ಕಾಲದಲ್ಲಿ ಎಲ್ಲವೂ ಚಿನ್ನವಾಗಿತ್ತೆಂದು ಹೇಳುವ ಅಭ್ಯಾಸ ನಮಗಿಲ್ಲ. ಚಿನ್ನದ ಗಣಿಯ ಜನರಿಗಂತೂ ಒಂದು ಗುಲಗಂಜಿ ಚಿನ್ನಕ್ಕೆ ಎಷ್ಟು ಬಂಡಿ ಕಲ್ಲು ಪುಡಿಯಾಗಬೇಕೆಂಬುದನ್ನು ನಾವು ಕಲಿಸಬೇಕಾದುದಿಲ್ಲ.

ಆದರೆ ಪಟ್ಟವೆಂಬುದೇನು? ಹಣೆಗೆ ಕಟ್ಟುವ ಪಟ್ಟಿ ಅದು. ಅರಸನಿಗೆ ಪಟ್ಟ ಕಟ್ಟುವಂತೆ ರಾಣಿಗೂ ಕಟ್ಟುವರು, ಕಟ್ಟಿಸಿಕೊಂಡವಳು ಪಟ್ಟಮಹಾದೇವಿ. ಅರಸನಿಗೆ ಪ್ರಿಯರಾದವರು ಅನೇಕರಿರಬಹುದು. ಆ ಪಟ್ಟಿಯೊಡನೆ ಬರುವ ಗೌರವವು ಪ್ರೀತಿಯದಲ್ಲ, ಪದವಿಯದು. ಅನುಮತಿಯ ಮಾತಿಗೆ ಬಂದರೆ, ರಾಜ್ಯದ ಭೂಮಿಯನ್ನು ಬಿಡುವಾಗ ಸಿಂಹಾಸನಕ್ಕೆ ಅರಿಕೆ ಮಾಡಿಕೊಳ್ಳುವುದು ಮಂತ್ರಿ ದಂಡನಾಯಕರಿಗೂ ಇದ್ದ ನಿಯಮ. ಗಂಗರಾಜನಂತಹ ಗಂಗರಾಜನೇ ತಾನು ಗೆದ್ದುದಕ್ಕೆ ಮೆಚ್ಚಾಗಿ ಅರಸನಿಂದ ಊರನ್ನು ಬೇಡಿ ಪಡೆದು ಬೆಳಗೊಳಕ್ಕೆ ಬಿಟ್ಟನು. ಅದರಿಂದ ಅವನ ಅಧಿಕಾರ ಸಣ್ಣದಾಯಿತೆಂದು ಯಾರೂ ಹೇಳುವುದಿಲ್ಲ. ರಾಣಿಯ ಮಾತು ಬಂದಾಗ ಮಾತ್ರ ಅದೇ ಅರಿಕೆಯು ದಾಸ್ಯವಾಗಿ ಕಾಣುವುದು ನೋಡುವವರ ಕಣ್ಣಿನ ದೋಷವಲ್ಲವೆ?

ವಕೀಲರಿಗೆ ನಾವು ಇನ್ನೊಂದು ಸಾಕ್ಷಿಯನ್ನು ಒಪ್ಪಿಸಿದೆವು. ಹಳೇಬೀಡಿನ ದೊಡ್ಡ ದೇವಾಲಯವನ್ನು ಕಂಡವರಿಗೆ ಗೊತ್ತಿರುವುದು: ಅದು ಒಂದು ಗುಡಿಯಲ್ಲ, ಎರಡು. ದಕ್ಷಿಣದಲ್ಲಿ ಹೊಯ್ಸಳೇಶ್ವರ, ಉತ್ತರದಲ್ಲಿ ಶಾಂತಲೇಶ್ವರ. ಒಂದು ಅರಸನ ಹೆಸರಿನದು, ಇನ್ನೊಂದು ಪಟ್ಟಮಹಾದೇವಿಯ ಹೆಸರಿನದು. 1121ರಲ್ಲಿ ಕೇತಮಲ್ಲನೆಂಬ ಅಧಿಕಾರಿಯು ಕಟ್ಟಿಸಿದುದೆಂದು ಶಾಸನವು ತಿಳಿಸುತ್ತದೆ. ಬೇಲೂರಿನಲ್ಲಿ ರಾಣಿಯ ಗುಡಿಯು ಅರಸನದಕ್ಕಿಂತ ಚಿಕ್ಕದು, ದೊಡ್ಡ ಗುಡಿಯ ಬದಿಯಲ್ಲಿ ನಿಂತಿದೆ. ಹಳೇಬೀಡಿನಲ್ಲಿ ಹಾಗಲ್ಲ. ಎರಡಕ್ಕೂ ಒಂದೇ ಜಗತಿ, ಒಂದೇ ವಿನ್ಯಾಸ, ಒಂದೇ ಅಳತೆ. ಎರಡರ ಮುಂದೆಯೂ ಪೂರ್ವಕ್ಕೆ ಒಂದೊಂದು ನಂದಿಮಂಟಪ. ನಡುವೆ ಎರಡನ್ನೂ ಜೋಡಿಸುವ ಅಂಕಣ. ಕಟ್ಟಿಸಿದವನು ರಾಣಿಯ ಬಂಧುವಲ್ಲ, ಅರಸನ ಸೇವೆಯಲ್ಲಿದ್ದವನು. ಅರಸನ ಪಕ್ಕದಲ್ಲಿ ಯಾರಿಗೆ ಎಷ್ಟು ಎತ್ತರದ ಆಸನವೆಂಬುದನ್ನು ಅಧಿಕಾರಿಗಳಿಗಿಂತ ಚೆನ್ನಾಗಿ ಬಲ್ಲವರು ಯಾವ ರಾಜ್ಯದಲ್ಲಿಯೂ ಇಲ್ಲ. ಒಂದು ಗೇಣು ಹೆಚ್ಚು ಕಡಿಮೆಯಾದರೂ ಅವರ ಉದ್ಯೋಗಕ್ಕೆ ಕುತ್ತು. ಅಂತಹವನು ಅಳೆದು ಸಮಸಮವಾಗಿ ಕಟ್ಟಿದ್ದಾನೆ. ವಕೀಲರು ಇದಕ್ಕೆ ಏನೂ ಹೇಳಲಿಲ್ಲ. ಸೋತೆನೆಂದೂ ಹೇಳಲಿಲ್ಲವೆನ್ನಿ.

ಶಾಂತಲೆಯೊಬ್ಬಳೇ ಹೀಗಿದ್ದಿದ್ದರೆ ಅದನ್ನು ಒಬ್ಬ ಅರಸನ ಅನುರಾಗವೆಂದು ತಳ್ಳಿಬಿಡಬಹುದಾಗಿತ್ತು. ಆದರೆ ನಮ್ಮ ಬೆಟ್ಟದ ಕೆಳಗಿನ ನಂದಿಯ ಗುಡಿಯನ್ನೇ ತೆಗೆದುಕೊಳ್ಳಿರಿ. ಒಂಬತ್ತನೆಯ ಶತಮಾನದ ಆದಿಯ ತಾಮ್ರಶಾಸನವು ಅಲ್ಲಿ ಈಶ್ವರನಿಗೆ ದೇಗುಲ ಮಾಡಿಸಿದವಳು ಬಾಣರ ಅರಸನ ರಾಣಿ ರತ್ನಾವಳಿಯೆಂದು ಹೇಳುತ್ತದೆ. ಪ್ರತಿ ಭಾನುವಾರ ಬೆಂಗಳೂರಿನಿಂದ ಮೋಟಾರುಗಳಲ್ಲಿ ಬಂದು ನಂದಿಯನ್ನು ನೋಡಿಹೋಗುವ ಸಹಸ್ರಾರು ಜನರಲ್ಲಿ ರತ್ನಾವಳಿಯ ಹೆಸರನ್ನು ಕೇಳಿದವರು ಹತ್ತು ಮಂದಿಯಾದರೂ ಇದ್ದಾರೆಯೆ? ಮುಳಬಾಗಿಲಿನ ಹತ್ತಿರದ ಆವನಿಗೆ ಹೋಗಿರಿ. ಹತ್ತನೆಯ ಶತಮಾನದಲ್ಲಿ ನೊಳಂಬರ ರಾಣಿ, ಕದಂಬ ವಂಶದ ದಿವಬ್ಬರಸಿಯು ಅಲ್ಲಿ ದೇಗುಲವನ್ನು ಕಟ್ಟಿಸಿದುದಲ್ಲದೆ ತನ್ನ ಹೆಸರಿನಲ್ಲಿ ಕೆರೆಯನ್ನೂ ಕಟ್ಟಿಸಿದಳು. ಹೊಳೆಯಿಲ್ಲದ ಈ ಕೋಲಾರದ ಸೀಮೆಯಲ್ಲಿ ಕೆರೆ ಕಟ್ಟಿಸುವುದೆಂದರೆ ಏನೆಂಬುದನ್ನು ಬೇಸಗೆಯಲ್ಲಿ ಕೊಡ ಹೊತ್ತ ಹೆಂಗಸರನ್ನು ಕೇಳಬೇಕು. ಗುಡಿಯಿಂದ ಪುಣ್ಯ ಬಂದೀತೋ ಬಾರದೋ, ಕೆರೆಯಿಂದ ಅನ್ನ ಬರುವುದು ನಿಶ್ಚಯ.

ದೂರ ಹೋದರೆ ಇನ್ನೂ ಅನೇಕರು ಸಿಕ್ಕುವರು. ಏಳನೆಯ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ಸೊಸೆ, ಚಂದ್ರಾದಿತ್ಯನ ರಾಣಿ ವಿಜಯಭಟ್ಟಾರಿಕೆಯ ತಾಮ್ರಶಾಸನಗಳು ಇಂದು ಮಹಾರಾಷ್ಟ್ರದಲ್ಲಿರುವ ನೇರೂರು ಕೊಚರೆಗಳಲ್ಲಿ ಸಿಕ್ಕಿವೆ. ಅವುಗಳಲ್ಲೊಂದು ತನ್ನ ಸ್ವರಾಜ್ಯದ ಐದನೆಯ ವರ್ಷವೆಂದು ಕಾಲವನ್ನು ಹೇಳುತ್ತದೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ರಾಣಿ ಲಕ್ಷ್ಮಾದೇವಿಯು 18 ಅಗ್ರಹಾರಗಳ ಆಡಳಿತವನ್ನು ನಡೆಸಿದಳು. ಹೊಯ್ಸಳರಲ್ಲಿಯೇ ಇಮ್ಮಡಿ ಬಲ್ಲಾಳನ ರಾಣಿ ಉಮಾದೇವಿಯು ತಿರುಗಿಬಿದ್ದ ಸಾಮಂತರ ಮೇಲೆ ತಾನೇ ದಂಡೆತ್ತಿ ಹೋದಳು. ಸಾವಂತವಾಡಿಯ ಕಡೆಯ ಕಡಲ ತಡಿಯಿಂದ ನಂಗಲಿಯ ಘಟ್ಟದವರೆಗೆ ಕನ್ನಡದ ಅರಸುಮನೆಗಳಲ್ಲಿ ಇದು ಒಂದು ನಡೆದುಬಂದ ಪದ್ಧತಿಯಾಗಿತ್ತೆಂದೇ ನಾವು ಹೇಳುತ್ತೇವೆ. ನಾಡು ಹತ್ತು ತುಂಡುಗಳಾಗಿದ್ದ ಕಾಲದಲ್ಲಿ ಈ ಹೆಸರುಗಳನ್ನು ಒಂದು ಕಡೆ ಕೂಡಿಸಿ ಓದುವ ಅನುಕೂಲವೇ ನಮಗಿರಲಿಲ್ಲ. 1956ರಲ್ಲಿ ತುಂಡುಗಳು ಕೂಡಿದುವು. ಹೆಸರುಗಳು ಇನ್ನೂ ಕೂಡಿಲ್ಲ.

ಶಾಂತಲೆಯು ಕತ್ತಿ ಹಿಡಿದಳೆಂದು ಶಿಲೆಯು ಹೇಳುವುದಿಲ್ಲ. ಆದುದರಿಂದ ನಾವೂ ಹೇಳುವುದಿಲ್ಲ. ಈಚಿನ ಕೆಲವು ನಾಟಕಕಾರರು ಆಕೆಯನ್ನು ಕುದುರೆಯ ಮೇಲೆ ಕೂರಿಸಿ ರಣರಂಗಕ್ಕೆ ಕಳುಹುತ್ತಾರೆ. ಪಾಲಿನ ಆಳ್ವಿಕೆ ಎಂದೊಡನೆ ಕತ್ತಿಯೇ ಏಕೆ ಬೇಕೋ ತಿಳಿಯದು. ವಿಷ್ಣುವರ್ಧನನು ಆಯುಷ್ಯದ ಬಹುಭಾಗವನ್ನು ದಂಡಯಾತ್ರೆಯಲ್ಲಿ ಕಳೆದವನು. ತಲಕಾಡಿನ ಯುದ್ಧ ಮುಗಿಯುವಷ್ಟರಲ್ಲಿ ಚಾಲುಕ್ಯರ ಕೂಡ ಕಾದಾಟ, 1118ರಲ್ಲಿ ಕಣ್ಣೆಗಾಲದ ರಾತ್ರಿಯ ಯುದ್ಧ, ಆಮೇಲೆ ಬಡಗಣದಲ್ಲಿ ಒಂದರ ಮೇಲೊಂದು ಮುತ್ತಿಗೆ. ಅಂತಹ ಅರಸನ ಮನೆಯಲ್ಲಿ ಗುಡಿ, ಬಸದಿ, ದತ್ತಿ, ಗುರುಪೀಠ, ಶಿಲ್ಪಿಗಳ ಕೂಲಿ, ವಿದ್ವಾಂಸರ ಸನ್ಮಾನ ಇವು ನಡೆಯುತ್ತಲೇ ಇದ್ದುವು. ಗೆದ್ದ ನಾಡು ನಾಡಾಗಿ ನಿಲ್ಲುವುದು ಈ ಎರಡನೆಯ ಕೆಲಸದಿಂದ. ಹಾಸನದ ಬಳಿಯ ಶಾಂತಿಗ್ರಾಮವೂ ಆಕೆಯ ಹೆಸರಿನದೇ ಎಂದು ಆ ಕಡೆಯವರು ಹೇಳುವರು.

ಇನ್ನು ಆ ಬೆಟ್ಟದ ವಿಷಯ. ಶಕ 1053ನೆಯ ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಅಂದರೆ 1131ನೆಯ ಇಸವಿ, ಶಿವಗಂಗೆಯ ತೀರ್ಥದಲ್ಲಿ ಶಾಂತಲೆಯು ಸ್ವರ್ಗಸ್ಥಳಾದಳೆಂದು ಶ್ರವಣಬೆಳಗೊಳದ ಶಾಸನವು ಹೇಳುತ್ತದೆ. ಅಲ್ಲಿ ಬಳಸಿರುವ ‘ಮುಡಿಪಿ’ ಎಂಬ ಪದವು ಜೈನರ ಸಮಾಧಿಶಾಸನಗಳಲ್ಲಿ ವ್ರತದಿಂದ ದೇಹವನ್ನು ಬಿಡುವುದಕ್ಕೆ ಸಲ್ಲುವ ಪದ. ಮಗಳ ಅಗಲಿಕೆಯ ಮೇಲೆ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಒಂದು ತಿಂಗಳ ಉಪವಾಸದಿಂದ ಸಲ್ಲೇಖನವನ್ನು ಸಾಧಿಸಿ ಮುಡಿಪಿದಳೆಂದು ಅದೇ ಶಾಸನವು ಮುಂದುವರಿದು ಹೇಳುತ್ತದೆ. ಆ ಮುದುಕಿಯ ಒಂದು ತಿಂಗಳನ್ನು ಕುರಿತು ಯಾರೂ ನಾಟಕ ಬರೆದಿಲ್ಲ. ಬಂಡೆ, ಪ್ರಪಾತ, ಮರುಮದುವೆ, ಗಂಡು ಸಂತಾನ ಇವಾವುವೂ ಶಾಸನದಲ್ಲಿಲ್ಲ. ಇವು ಶಿವಗಂಗೆಯ ಮೇಲೆ ಯಾತ್ರಿಕರಿಗೆ ಬಂಡೆಯನ್ನು ತೋರಿಸುವವರ ಬಾಯಲ್ಲಿ ಬೆಳೆದು, ಅಲ್ಲಿಂದ ಕಾದಂಬರಿಗೆ ಬಂದು, ಕಾದಂಬರಿಯಿಂದ ಪಾಠಶಾಲೆಯ ರಂಗಕ್ಕೆ ಇಳಿದಿವೆ. ಕೆ. ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿಯನ್ನು ನಾವು ಮೂರು ಸಲ ಓದಿದ್ದೇವೆ. ಮತ್ತೆ ಕೈಗೆ ಸಿಕ್ಕಿದರೆ ನಾಲ್ಕನೆಯ ಸಲವೂ ಓದುವೆವು. ಕಾದಂಬರಿಕಾರನಿಗೆ ತನ್ನ ನಾಯಿಕೆಯನ್ನು ತನಗೆ ತೋರಿದಂತೆ ಕೊಲ್ಲುವ ಸ್ವಾತಂತ್ರ್ಯವುಂಟು. ಸಿ. ಕೆ. ನಾಗರಾಜರಾಯರು ಅದೇ ರಾಣಿಯನ್ನು ಕುರಿತು ಬರೆದ ‘ಪಟ್ಟಮಹಾದೇವಿ ಶಾಂತಲದೇವಿ’ಯು ಶಾಸನಗಳ ಜಾಡನ್ನು ಹಿಡಿದು ಈ ಬಂಡೆಯ ಕಥೆಯನ್ನು ಒಪ್ಪದೆ ನಡೆಯಿತು, 1983ರ ಮೂರ್ತಿದೇವಿ ಪ್ರಶಸ್ತಿ ಅದಕ್ಕೆ ಬಂದಿತು. ಆದರೂ ರಂಗಕ್ಕೆ ಏರುವುದು ಬಂಡೆಯೇ. ಧುಮುಕುವುದನ್ನು ಆಡಿ ತೋರಿಸುವುದು ಸುಲಭ, ದತ್ತಿ ಬಿಡುವುದನ್ನು ಆಡಿ ತೋರಿಸುವುದು ಕಷ್ಟವೆಂಬುದೇ ಇದಕ್ಕೆ ಕಾರಣವಿರಬಹುದು.

ಕಾದಂಬರಿಯು ಕಾದಂಬರಿಯಾಗಿರಲಿ; ಚರಿತ್ರೆಯ ಹೆಸರಿನಲ್ಲಿ ಮಕ್ಕಳಿಗೆ ಇದನ್ನು ಕಲಿಸುವುದನ್ನು ನಾವು ಬಲವಾಗಿ ವಿರೋಧಿಸುತ್ತೇವೆ. ನಾಟಕವನ್ನು ನೋಡುತ್ತ ಕುಳಿತಿದ್ದ ನೂರಾರು ಹೆಣ್ಣುಮಕ್ಕಳು ಆ ಸಂಜೆ ಮನೆಗೆ ಒಯ್ದುದೇನು? ಎಷ್ಟು ಓದಿದರೂ, ಎಷ್ಟು ಆಳಿದರೂ, ಗಂಡು ಹೆರದ ಹೆಂಗಸು ದಾರಿಯಿಂದ ಸರಿಯಬೇಕು. ಸರಿದರೆ ಜನ ಚಪ್ಪಾಳೆ ತಟ್ಟುತ್ತಾರೆ ಎಂಬುದನ್ನು. ಗಣಿಯ ಕೆಲಸವು 2001ರಲ್ಲಿ ನಿಂತಮೇಲೆ ಈ ಊರಿನ ಮನೆಗಳಲ್ಲಿ ಏನೇನು ಕಷ್ಟಗಳು ಬಂದುವೆಂಬುದು ಅಲ್ಲಿಯವರಿಗೆ ಗೊತ್ತು. ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುವವರಲ್ಲಿ ಆ ಮಕ್ಕಳ ತಾಯಂದಿರೂ ಅಕ್ಕಂದಿರೂ ಇದ್ದಾರೆ. ಅವರ ದುಡಿಮೆಯಿಂದ ನಡೆಯುವ ಸಂಸಾರಗಳು ಒಂದೆರಡಲ್ಲ. ಮನೆಯ ಅರ್ಧ ಭಾರವನ್ನು, ಕೆಲವು ಕಡೆ ಪೂರ್ತಿ ಭಾರವನ್ನು ಹೊತ್ತವರ ಮಕ್ಕಳಿಗೆ, ಭಾರ ಹೊತ್ತ ರಾಣಿಯನ್ನು ತೋರಿಸದೆ ಬಿದ್ದ ರಾಣಿಯನ್ನು ತೋರಿಸುವುದು ಯಾವ ನ್ಯಾಯ?

ಉಪಾಧ್ಯಾಯರ ಮೇಲೆ ತಪ್ಪು ಹೊರಿಸುವುದು ನಮ್ಮ ಉದ್ದೇಶವಲ್ಲ. ಅವರ ಕೈಗೆ ಸಿಕ್ಕಿದ ನಾಟಕ ಅದು. ಶಾಸನಗಳೆಲ್ಲ ದಪ್ಪ ಸಂಪುಟಗಳಲ್ಲಿ ಹೂತುಹೋಗಿವೆ. ರೈಸ್ ಸಾಹೇಬರು ಕೋಲಾರ ಜಿಲ್ಲೆಯ ಶಾಸನಗಳನ್ನು ಒಂದು ಸಂಪುಟವಾಗಿ 1905ರಲ್ಲಿಯೇ ಅಚ್ಚು ಮಾಡಿಸಿದರು, ಆದರೆ ಅದು ಎಷ್ಟು ಪಾಠಶಾಲೆಗಳ ಬೀರುವಿನಲ್ಲಿದೆ? ಅಚ್ಚಾದುದು ಹಾಗಿರಲಿ, ಮೂಲದ ಕಲ್ಲುಗಳೇ ಎಷ್ಟೋ ಊರುಗಳಲ್ಲಿ ಬಟ್ಟೆ ಒಗೆಯುವ ಚಪ್ಪಡಿಗಳಾಗಿ, ಚರಂಡಿಯ ಮುಚ್ಚಳಗಳಾಗಿ ಬಿದ್ದಿವೆ. ಒಂದು ಭಾನುವಾರ ಮಕ್ಕಳನ್ನು ಆವನಿಗೆ ಕರೆದುಕೊಂಡು ಹೋಗಲು ಬಂಗಾರಪೇಟೆಯಿಂದ ದೊಡ್ಡ ಖರ್ಚೇನೂ ಇಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ, ದಿವಬ್ಬರಸಿಯ ಹೆಸರನ್ನು ಅಲ್ಲಿ ಗಟ್ಟಿಯಾಗಿ ಹೇಳಿಸಿದರೆ, ಪಠ್ಯಪುಸ್ತಕದ ಹತ್ತು ಪುಟಗಳ ಕೆಲಸ ಒಂದು ಹೊತ್ತಿನಲ್ಲಿ ಆದೀತು. ಹೋದವರು ಕೆರೆಗಳನ್ನೂ ನೋಡಿಬರಲಿ. ನೀರಿದ್ದರೆ ಸಂತೋಷ, ಇಲ್ಲದಿದ್ದರೆ ಅದೂ ಪಾಠವೇ.

ಈ ಮಾತುಗಳನ್ನೆಲ್ಲ ನಾವು ಆ ಉಪಾಧ್ಯಾಯರಿಗೆ ಒಂದು ದೀರ್ಘವಾದ ಕಾಗದದಲ್ಲಿ ಬರೆದು ತಿಳಿಸಿದೆವು. ಅವರು ಬೇಸರಪಡದೆ ಉತ್ತರ ಬರೆದಿದ್ದಾರೆ. ಬರುವ ವರ್ಷದ ನಾಟಕಕ್ಕೆ ಬೆಂಚುಗಳ ಬೆಟ್ಟವನ್ನು ತೆಗೆದು, ಬೆಳಗೊಳದಲ್ಲಿ ಮೊಟ್ಟೆನವಿಲೆಯ ದತ್ತಿಯನ್ನು ಓದಿಸುವ ದೃಶ್ಯವನ್ನೂ, ಕೇತಮಲ್ಲನು ಎರಡು ಗುಡಿಗಳ ಅಳತೆಯನ್ನು ಹಗ್ಗ ಹಿಡಿದು ನೋಡುವ ದೃಶ್ಯವನ್ನೂ ಸೇರಿಸುವರಂತೆ. ಹಗ್ಗ ಹಿಡಿಯಲು ಹುಡುಗರಲ್ಲಿ ಪೈಪೋಟಿಯೇ ಆಗಿದೆಯಂತೆ. ರಾಣಿಯ ಪಾತ್ರದ ಹುಡುಗಿಯು ಮಾತ್ರ, ಮಾತುಗಳು ಮೊದಲಿನದಕ್ಕಿಂತ ಮೂರರಷ್ಟು ಹೆಚ್ಚಿದುವೆಂದು ಗೊಣಗಿ, ಆಮೇಲೆ ಹಸ್ತಪ್ರತಿಯನ್ನು ಬಾಯಿಪಾಠ ಮಾಡಲು ಮನೆಗೆ ತೆಗೆದುಕೊಂಡು ಹೋಗಿದ್ದಾಳೆಂದು ತಿಳಿಸಿದ್ದಾರೆ.